ನಾನು ಕಟ್ಟಿದ ಬ್ರೇಕ್ ಲೈಟು

ವೈರು ಅಂದರೆ ಏನು? ತಾಮ್ರದ ನೂಲು. ಅದಕ್ಕೊಂದು ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿರುತ್ತಾರೆ, ಅಷ್ಟೆ. ನೂಲಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮದುವೆಯಾದ ಮೇಲೆ ಸೊಲ್ಲಾಪುರದ ಪವರ್‌ಲೂಮ್ ಕಾರಖಾನೆಯೊಂದರಲ್ಲಿ ಹನ್ನೊಂದು ವರ್ಷ ಎಳೆ ಕಟ್ಟುವ ಕೆಲಸ ಮಾಡಿದವಳು ನಾನು. ಮಗ್ಗದ ಮೇಲಿನ ಹಳೆಯ ಹಾಸು ಮುಗಿದು ಹೊಸದು ಏರಿದಾಗ, ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಒಂದೊಂದು ಎಳೆಯ ತುದಿ ಹಿಡಿದು ಗಂಟು ಹಾಕಬೇಕು. ಸಾವಿರಾರು ಎಳೆ. ಒಂದು ಬಿಟ್ಟರೂ ಟವೆಲ್ಲಿನ ಉದ್ದಕ್ಕೂ ಗೆರೆ ಬೀಳುತ್ತದೆ, ಕೆಲಸ ನೋಡಿಕೊಳ್ಳುವ ಮುಕಾದಮ ಬಯ್ಯುತ್ತಾನೆ. ನಾನೂ ಬೈಸಿಕೊಂಡಿದ್ದೇನೆ. ಆದರೆ ಬಾಯಿಯ ಸಲುವಾಗಿ, ಎಳೆಯ ಸಲುವಾಗಿ ಅಲ್ಲ.

ಹಾಗಿರುವಾಗ ಮಗನ ಪಿಕಪ್ ಗಾಡಿಗೆ ಇನ್ನೊಂದು ಬ್ರೇಕ್ ಲೈಟು ಕೂಡಿಸುವುದು ಎಷ್ಟರ ಕೆಲಸ? ಎರಡು ವೈರು! ಮೂರನೇ ಇಯತ್ತೆ ಓದಿದವಳಿಗೆ ಎರಡರವರೆಗೆ ಎಣಿಸಲು ಬರುತ್ತದೆ.

ಲೈಟು ಬೇಕಾಗಿದ್ದು ಮೊಮ್ಮಗಳ ಮದುವೆಗೆ. ಮದುವೆಗೂ ಬ್ರೇಕ್ ಲೈಟಿಗೂ ಏನು ಸಂಬಂಧ ಅನ್ನಬೇಡಿ, ಸ್ವಲ್ಪ ತಡೆಯಿರಿ.

ಮೊಮ್ಮಗಳು ಅಶ್ವಿನಿ ಸೊಲ್ಲಾಪುರದಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿಗೆ ಹೋಗುತ್ತಾಳೆ. ಅಲ್ಲೇ ಕೆಲಸ ಮಾಡುವ ಒಬ್ಬ ಹುಡುಗನನ್ನು ಮೆಚ್ಚಿದಳು. ಮನೆಯಲ್ಲಿ ಮೊದಲು ನನಗೇ ಹೇಳಿದಳು, ಯಾಕೆಂದರೆ ಇಂಥದ್ದನ್ನೆಲ್ಲ ಕೇಳಿ ನಾನು ಅಳುವುದಿಲ್ಲ. ಹುಡುಗ ಒಳ್ಳೆಯವನು. ಹುಡುಗನ ತಾಯಿ ಒಳ್ಳೆಯವರು. ತೊಡಕಿದ್ದದ್ದು ಹುಡುಗನ ಅಪ್ಪನದು. ಅವರನ್ನು ನಾನು ಬೀಗರು ಅಂತಲೇ ಬರೆಯುತ್ತೇನೆ. ಆಗ ಇನ್ನೂ ಆಗಿರಲಿಲ್ಲ. ಆಗುತ್ತಾರೋ ಇಲ್ಲವೋ ಎಂಬುದೇ ನಮ್ಮ ಚಿಂತೆಯಾಗಿತ್ತು.

ಬೀಗರು ಸರಕಾರಿ ಬಸ್ಸು ನಡೆಸಿ ನಿವೃತ್ತರಾದವರು. ಇಡೀ ನೌಕರಿಯಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿಲ್ಲ ಎಂದು ಎರಡನೇ ಮಾತಿಗೇ ಹೇಳುತ್ತಾರೆ. ಮೊದಲನೇ ಮಾತು ನಮಸ್ಕಾರ. ನಮ್ಮೂರು ಅಕ್ಕಲಕೋಟದಿಂದ ದುಧನಿಗೆ ಹೋಗುವ ದಾರಿಯಲ್ಲಿದೆ. ಅಲ್ಲಿಗೆ ಹೆಣ್ಣು ನೋಡಲು ಬಂದು, ಚಹಾ ಕುಡಿದು, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿರುಗಿ ಹೊರಟರು. ಅವರ ಮುಂದೆಯೇ ಜೋಳದ ಕಣಿಕೆ, ಅಂದರೆ ದನದ ಒಣ ಮೇವು, ಹೇರಿಕೊಂಡು ನಮ್ಮ ಪಿಕಪ್ಪೂ ಹೊರಟಿತ್ತು. ಕಣಿಕೆ ಹೇರಿದ ಗಾಡಿಯನ್ನು ನೀವು ನೋಡಿರುತ್ತೀರಿ. ಹಿಂದೆ ಗಡ್ಡ ಬಿಟ್ಟ ಹಾಗೆ ಇಳಿಬಿದ್ದಿರುತ್ತದೆ, ದೀಪಗೀಪ ಒಂದೂ ಕಾಣುವುದಿಲ್ಲ. ಎಮ್ಮೆಯೊಂದು ಅಡ್ಡ ಬಂತು. ನನ್ನ ಮಗ ಮಲ್ಲಿನಾಥ ಬ್ರೇಕು ಒತ್ತಿದ. ಬೀಗರಿಗೆ ಗೊತ್ತಾಗಲಿಲ್ಲ. ಸ್ಕೂಟರು ಬೀಗತಿಯ ಸಮೇತ ಕಣಿಕೆಯೊಳಗೆ ಹೋಯಿತು!

ಯಾರಿಗೂ ಪೆಟ್ಟಾಗಲಿಲ್ಲ, ಕಣಿಕೆ ಮೆತ್ತಗಿರುತ್ತದೆ. ಆದರೆ ಒಂದು ಕೋಳಿಗೂ ತಾಗಿಸದ ಮನುಷ್ಯ ಮೀಸೆಯಲ್ಲಿ ಜೋಳದ ಒಣ ಎಲೆ ಸಿಕ್ಕಿಸಿಕೊಂಡು ನಿಂತರೆ ಹೇಗಾಗಬೇಡ? ಅವರು ಎಲೆ ತೆಗೆದು, ಅದನ್ನು ಮಲ್ಲಿನಾಥನ ಕೈಗೆ ಕೊಟ್ಟು, ಹೇಳಿದ್ದು ಇಷ್ಟು:

“ಹಿಂದ ಬರಾವ್ರ ಕಾಳಜಿ ಇಲ್ಲದ ಮನಿ ನಿಮ್ದು. ಮೊದಲ ಮ್ಯಾಲ ಒಂದು ಲೈಟ್ ಹಚ್ಚರಿ. ಗುರುವಾರ ನಾ ಮತ್ತ ಬರ್ತೀನಿ. ಅಕ್ಕಲಕೋಟದತನಕ ನಿಮ್ಮ ಗಾಡಿ ಹಿಂದನ ಬರ್ತೀನಿ. ಲೈಟ್ ಬರೋಬರ್ ಕಂಡ್ರ ಅಲ್ಲೇ ಮದುವಿ ತಾರೀಖ ಹಿಡಿಯೂಣು. ಕಾಣಲಿಲ್ಲಂದ್ರ ನಾ ಹಂಗ ಸೊಲ್ಲಾಪುರದ ದಾರಿ ಹಿಡೀತೀನಿ.”

ಅಶ್ವಿನಿ ಎರಡು ದಿನ ರೊಟ್ಟಿ ಮುರಿಯುತ್ತ ಕೂತಳು, ತಿನ್ನಲಿಲ್ಲ. ಮುರಿದ ರೊಟ್ಟಿ ದಂಡವಾಗುವುದು ನನಗೆ ಸಹಿಸಲಾಗುವುದಿಲ್ಲ.

ಮಲ್ಲಿನಾಥ ಲೈಟನ್ನೇನೋ ಮರುದಿನವೇ ತಂದ. ಸೌತೆಕಾಯಿಯಷ್ಟು ಉದ್ದದ ಕೆಂಪು ಲೈಟು, ಅದಕ್ಕೆ ಎರಡು ಬಾಲ. ತಂದವನು ಹಿಟ್ಟಿನ ಡಬ್ಬಿಯ ಮೇಲಿಟ್ಟ. ಬುಧವಾರ ಸೊಲ್ಲಾಪುರಕ್ಕೆ ಹೋಗಿ ಹಚ್ಚಿಸುತ್ತೇನೆ ಅಂದ. ಬುಧವಾರ ಬೆಳಿಗ್ಗೆ ತೊಗರಿ ವ್ಯವಹಾರದ ಫೋನು ಬಂತೆಂದು ಗೆಳೆಯನ ಮೋಟರ್‌ಸೈಕಲ್ ಹತ್ತಿ ದುಧನಿಗೆ ಹೋದ. ಸಂಜೆ ಬಂದು ನೋಡುತ್ತೇನೆ ಅಂದ. ಗಂಡಸರ ಸಂಜೆ ಎಂಥದ್ದು ಎಂದು ನನಗೆ ಗೊತ್ತು.

ಆದ ಕಾರಣ, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಸದರಿ ಕಾಮಗಾರಿಯನ್ನು ನಾನು ನನ್ನ ವಶಕ್ಕೆ ತೆಗೆದುಕೊಂಡೆನು. ಪಂಚಾಯತಿಯ ನೋಟೀಸುಗಳಲ್ಲಿ ಹೀಗೇ ಇರುತ್ತದೆ.

ಸೊಸೆ ಒಳಗೆ ಬೀಗರಿಗಾಗಿ ಶೇಂಗಾ ಹೋಳಿಗೆ ಮಾಡುತ್ತಿದ್ದಳು, ಹಾಗಾಗಿ ಅಡ್ಡ ಬರಲಿಲ್ಲ. ಅಶ್ವಿನಿ ಮಾತ್ರ ಲ್ಯಾಬಿಗೆ ಹೊರಡುವಾಗ ನನ್ನ ಕೈಯಲ್ಲಿ ಚಾಕು ಕಂಡು ನಿಂತಳು. ಅವಳು ನನ್ನನ್ನು ಆಯಿ ಎನ್ನುತ್ತಾಳೆ.

“ಆಯಿ, ಏನ್ ಮಾಡಾಕತ್ತೀದಿ?”

“ಏನೂ ಇಲ್ಲ.”

“ಆಯಿ, ನಾಳೆ ಬೀಗರ ಮುಂದ ನೀ ಬಾಯಿ ಸುಮ್ಮ ಇಟ್ಕೋಬೇಕು ಅಂತ ಹೇಳಾಕಿ ಇದ್ದೆ. ಈಗ ಕೈನೂ ಸುಮ್ಮ ಇಟ್ಕೊ ಅನಬೇಕೇನು?”

ಬಸ್ಸಿಗೆ ಹೊತ್ತಾಯಿತು ಹೋಗು ಅಂದೆ. ಹೋದಳು.

ಸಹಾಯಕರನ್ನಾಗಿ ನಮ್ಮ ಮನೆಯವರನ್ನು ನೇಮಿಸಿದೆ. ಅವರಿಗೆ ಬೇರೆ ಕೆಲಸವಿರಲಿಲ್ಲ. ಇದ್ದಿದ್ದರೆ ಅದನ್ನೂ ಕೆಡಿಸುತ್ತಿದ್ದರು. ಕರೆಂಟು ಅಂದರೆ ಅವರಿಗೆ ಪ್ರಾಣಭಯ. ಹೊಲಕ್ಕೆ ನೀರು ಬಿಡುವಾಗ ಹಾಕುವ ರಬ್ಬರಿನ ಬೂಟು ಹಾಕಿಕೊಂಡು, ಕೈಯಲ್ಲಿ ಒಣ ಕೋಲು ಹಿಡಿದುಕೊಂಡು ಬಂದರು. ಕೋಲು ಯಾಕೆ ಎಂದು ಕೇಳಿದೆ. ನನಗೆ ಕರೆಂಟು ಹಿಡಿದರೆ ಹೊಡೆದು ಬಿಡಿಸಲು ಅಂದರು. ಅಷ್ಟು ವರ್ಷದ ಆಸೆ ಕಣ್ಣಲ್ಲಿ ಹೊಳೆಯುತ್ತಿತ್ತು.

ಬ್ರೇಕಿನ ವೈರು ಯಾವುದು ಎಂದು ಕಂಡುಹಿಡಿಯಬೇಕಾದರೆ ಒಬ್ಬರು ಒಳಗೆ ಕೂತು ಬ್ರೇಕು ತುಳಿಯಬೇಕು, ಇನ್ನೊಬ್ಬರು ಹಿಂದೆ ಕೂತು ನೋಡಬೇಕು. ಅವರನ್ನು ಒಳಗೆ ಕೂರಿಸಿದೆ. ಅವರು ಜನ್ಮದಲ್ಲಿ ಎತ್ತಿನ ಬಂಡಿಯ ಹೊರತು ಏನನ್ನೂ ನಡೆಸಿದವರಲ್ಲ.

“ಇಲ್ಲಿ ಮೂರು ಅವ. ಯಾವುದು ತುಳೀಲಿ?”

“ನಡುವಿಂದು ತುಳೀರಿ.”

ಬೂಟಿನ ತುದಿಯಿಂದ ಮೂರನ್ನೂ ಒಂದೊಂದಾಗಿ ತಟ್ಟಿ ನೋಡಿದರು.

“ಯಾವ ಕಡಿಯಿಂದ ಎಣಿಸಿದ್ರ ನಡುವಿಂದು?”

ನನ್ನ ಸಂಸಾರ ಹೇಗೆ ನಡೆದು ಬಂತು ಎಂದು ಯಾರಾದರೂ ಕೇಳಿದರೆ ನಾನು ಬೇರೇನೂ ಹೇಳುವುದಿಲ್ಲ, ಈ ಒಂದು ಪ್ರಶ್ನೆ ಹೇಳುತ್ತೇನೆ.

ಅಂತೂ ತುಳಿದರು. ನಾನು ಹಿಂದಿನ ದೀಪದ ಕೆಂಪು ಮುಚ್ಚಳ ಬಿಚ್ಚಿ, ಮಹಾಲಕ್ಷ್ಮಿ ಹಬ್ಬದ ಲೈಟಿಂಗ್ ಪೆಟ್ಟಿಗೆಯಲ್ಲಿದ್ದ ಒಂದು ಚಿಕ್ಕ ಬಲ್ಬು ತಂದು, ಒಂದೊಂದು ವೈರಿಗೆ ಮುಟ್ಟಿಸಿ ನೋಡಿದೆ. ಅವರು ತುಳಿದಾಗ ಹತ್ತಿ, ಬಿಟ್ಟಾಗ ಆರುವ ವೈರು ಸಿಕ್ಕಿತು. ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಹೇಳಿ ಇದನ್ನು? ವೈರಿನ ಅಂಗಿಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದೆ. ಇರುವುದೇ ನಾಲ್ಕು ಹಲ್ಲು, ಅವೂ ಹೋಗಲಿ ಅಂತ ಒಳಗಿನಿಂದ ಹೇಳಿದರು. ತುಳಿಯುವ ಕೆಲಸ ನೋಡಿಕೊಳ್ಳಿ ಅಂದೆ. ಹೊಸ ಲೈಟಿನ ಒಂದು ಬಾಲವನ್ನು ಬ್ರೇಕಿನ ವೈರಿಗೆ ಮಗ್ಗದ ಗಂಟು ಹಾಕಿ ಕಟ್ಟಿದೆ. ಇನ್ನೊಂದನ್ನು ಗಾಡಿಯ ಕಬ್ಬಿಣದ ಬೋಲ್ಟಿನ ಕೆಳಗೆ ಸಿಕ್ಕಿಸಿದೆ. ಮಲ್ಲಿನಾಥ ಟ್ರ್ಯಾಕ್ಟರಿಗೆ ಹೀಗೆ ಮಾಡುವುದನ್ನು ನೋಡಿದ್ದೆ. ಲೈಟನ್ನು ಹಿಂದಿನ ಕಬ್ಬಿಣದ ಚೌಕಟ್ಟಿನ ನೆತ್ತಿಯ ಮೇಲೆ, ಎಷ್ಟು ಕಣಿಕೆ ಹೇರಿದರೂ ಮುಚ್ಚದಷ್ಟು ಎತ್ತರದಲ್ಲಿ ಬಿಗಿದೆ.

“ತುಳೀರಿ,” ಅಂದೆ.

ತುಳಿದರು. ಲೈಟು ಕೆಂಪಗೆ ಹೊತ್ತಿತು! ಕಣ್ಣು ಕುಕ್ಕುವಂತೆ, ಹೊಸ ಸೊಸೆಯ ಕುಂಕುಮದಂತೆ ಹೊತ್ತಿತು. ಪಕ್ಕದ ಮನೆಯ ಕಸ್ತೂರಬಾಯಿ ಕಸ ಚೆಲ್ಲಲು ಬಂದವಳು ಬುಟ್ಟಿ ಹಿಡಿದೇ ನಿಂತಳು. ಮನೆಯವರು ಬೂಟಿನ ಸಮೇತ ಓಡಿಹೋಗಿ ಓಣಿಗೆಲ್ಲ ಹೇಳಿ ಬಂದರು. ಹೇಳುವಾಗ ತಾವೇ ತುಳಿದದ್ದನ್ನು ದೊಡ್ಡದು ಮಾಡಿ, ನಾನು ಕಟ್ಟಿದ್ದನ್ನು ಚಿಕ್ಕದು ಮಾಡಿದರು.

ಇಲ್ಲಿಗೆ ನಾನು ಕೈ ತೊಳೆದುಕೊಂಡಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮುಚ್ಚಳ ಹಾಕಬೇಕು ಎನ್ನುವಾಗ ಕಣ್ಣಿಗೆ ಬಿತ್ತು. ಕೆಳಗಡೆ, ಬಂಪರಿನ ಹಿಂದಿನಿಂದ ಒಂದು ಕಪ್ಪು ವೈರು ಹೊರಗೆ ಬಂದು ಸುಮ್ಮನೆ ಜೋತಾಡುತ್ತಿತ್ತು. ತುದಿ ಬಿಚ್ಚಿಕೊಂಡಿದೆ. ಯಾವುದಕ್ಕೂ ಕಟ್ಟಿಲ್ಲ.

ಹನ್ನೊಂದು ವರ್ಷ ಎಳೆ ಕಟ್ಟಿದವಳಿಗೆ ಜೋತುಬಿದ್ದ ತುದಿ ಕಂಡರೆ ಏನಾಗುತ್ತದೆ ಎಂದು ಎಳೆ ಕಟ್ಟದವರಿಗೆ ತಿಳಿಯುವುದಿಲ್ಲ. ಮೈಯೆಲ್ಲ ಕೆರೆಯುತ್ತದೆ. ಮುಕಾದಮ ಸತ್ತು ಎಷ್ಟೋ ವರ್ಷವಾಯಿತು, ಆದರೂ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಇದನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಯೋಚಿಸಲಿಲ್ಲ. ಮಗ್ಗದಲ್ಲಿ ಯಾರೂ ಯೋಚಿಸುವುದಿಲ್ಲ. ಬಿಟ್ಟ ಎಳೆ ಇದ್ದರೆ ಕಟ್ಟುತ್ತಾರೆ. ಅದನ್ನೂ ಎಳೆದು ತಂದು, ಕಚ್ಚಿ, ಅದೇ ಬ್ರೇಕಿನ ವೈರಿಗೆ ಇನ್ನೊಂದು ಗಂಟು ಹಾಕಿದೆ. ಮೇಲೆ ಟೇಪು, ಟೇಪಿನ ಮೇಲೆ ಹಳೆಯ ಟವೆಲ್ಲಿನ ಅಂಚು. ಮನಸ್ಸಿಗೆ ಸಮಾಧಾನವಾಯಿತು.

ಈಗ ಒಂದು ಹಳೆಯ ಸಂಗತಿ ಹೇಳಬೇಕು. ಗಾಡಿ ತಂದ ಹೊಸದರಲ್ಲಿ ಮಲ್ಲಿನಾಥ ಅದಕ್ಕೆ ಹಾಡುವ ಡಬ್ಬಿಯೊಂದನ್ನು ಕೂಡಿಸಿದ್ದ. ಗಾಡಿ ಹಿಂದೆ ಸರಿಯುವಾಗ ಅದು ಪೀಂ ಪೀಂ ಎಂದು ರಾಗ ತೆಗೆದು, ಆಮೇಲೆ ಹೆಂಗಸಿನ ದನಿಯಲ್ಲಿ ಮರಾಠಿ ಮಾತಾಡುತ್ತಿತ್ತು: “ಸಾವಧಾನ್, ಗಾಡಿ ಮಾಗೆ ಯೇತ್ ಆಹೇ.” ಎಚ್ಚರ, ಗಾಡಿ ಹಿಂದೆ ಬರುತ್ತಿದೆ ಅಂತ. ಆ ದನಿ ಕೇಳಿ ನಮ್ಮ ಎಮ್ಮೆ ಹಾಲು ಇಳಿಸುವುದನ್ನೇ ಬಿಟ್ಟಿತು. ಆ ಬಾಯಿಯನ್ನು ಮುಚ್ಚಿಸು, ಇಲ್ಲವೇ ಎಮ್ಮೆಯನ್ನು ನೀನೇ ಹಿಂಡು ಅಂದೆ. ಮುಚ್ಚಿಸಿದ. ನಾನು ಡಬ್ಬಿಯನ್ನೇ ಕಿತ್ತು ಎಸೆದಿದ್ದಾನೆ ಎಂದುಕೊಂಡಿದ್ದೆ. ಅವನು ಬರೀ ವೈರು ಬಿಚ್ಚಿ ಬಿಟ್ಟಿದ್ದ.

ತಿಳಿಯಿತಲ್ಲ? ನನಗೆ ಮಾತ್ರ ಆವತ್ತು ತಿಳಿದಿರಲಿಲ್ಲ.

ಸಂಜೆ ಮಲ್ಲಿನಾಥ ಬಂದು ಲೈಟು ನೋಡಿ ಗಾಬರಿಯಾದ. ಬ್ರೇಕು ತುಳಿದು ನೋಡಲು ಹೊರಟವನನ್ನು ನಾನೇ ತಡೆದೆ. ಒಮ್ಮೆ ನೋಡಿ ಆಗಿದೆ, ಓಣಿಯೆಲ್ಲ ನೋಡಿದೆ, ತಾಯಿಯ ಮೇಲೆ ನಂಬಿಕೆಯಿಲ್ಲದಿದ್ದರೆ ಕಸ್ತೂರಬಾಯಿಯನ್ನು ಕೇಳು ಅಂದೆ. ಕಸ್ತೂರಬಾಯಿ ಗೋಡೆಯ ಮೇಲಿಂದ ಸಾಕ್ಷಿ ಹೇಳಿದಳು. ಅವನೂ ದಣಿದಿದ್ದ. ಗಾಡಿಯನ್ನು ನಿಂತಲ್ಲೇ ಬಿಟ್ಟು ಬಣವೆಯಿಂದ ಕಣಿಕೆ ಹೇರಿದ. ಅಕ್ಕಲಕೋಟದಲ್ಲಿ ಹಾಲು ಮಾರುವ ಗವಳಿಯೊಬ್ಬನಿಗೆ ಕೊಡುವುದಿತ್ತು.

ಗುರುವಾರ ಬೀಗರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಹೋಳಿಗೆ ತಿಂದರು. ಬಿಳಿ ಅಂಗಿ, ಬಿಳಿ ಪಾಯಜಾಮ, ತಲೆಯ ಮೇಲೆ ಟೋಪಿ. ಬೀಗತಿ ಹಸಿರು ಸೀರೆ ಉಟ್ಟಿದ್ದರು. ಲೈಟು ನೋಡಿ ಬೀಗರು ಹೂಂ ಅಂದರು, ರಸ್ತೆಯ ಮೇಲೆ ನೋಡೋಣ ಅಂದರು. ರಜೆ ಹಾಕಿ ಮನೆಯಲ್ಲಿದ್ದ ಅಶ್ವಿನಿ ಬಾಗಿಲ ಮರೆಯಲ್ಲಿ ಓಡಾಡುತ್ತಿದ್ದಳು. ಪಿಕಪ್ಪಿನ ಮುಂದೆ ಮಲ್ಲಿನಾಥ, ನಾನು, ನಮ್ಮ ಮನೆಯವರು ಮೂವರು ಒತ್ತಿಕೊಂಡು ಕೂತೆವು. ಹಿಂದೆ ಬೀಗರ ಸ್ಕೂಟರು. ಶುಭ ಕಾರ್ಯವೆಂದು ಮಲ್ಲಿನಾಥ ಭಜನೆ ಹಚ್ಚಿ ದನಿ ಏರಿಸಿದ.

ಊರ ಹೊರಗೆ ರಸ್ತೆಯ ಮೊದಲ ಉಬ್ಬಿನಲ್ಲಿ ಬ್ರೇಕು ಒತ್ತಿದ. ಭಜನೆಯೊಳಗೆ ಎಲ್ಲೋ ಪೀಂ ಪೀಂ ಅಂದ ಹಾಗಾಯಿತು. ಯಾರ ಫೋನು ಎಂದು ಕೇಳಿದ. ಮನೆಯವರು ತಮ್ಮ ಫೋನು ತೆಗೆದು ಕಿವಿಗೆ ಹಚ್ಚಿ ಹಲೋ ಹಲೋ ಅಂದರು. ಯಾರೂ ಮಾತಾಡಲಿಲ್ಲ.

ಎರಡನೇ ಉಬ್ಬು ದಾಟಿದ ಮೇಲೆ ಮಲ್ಲಿನಾಥ ಕನ್ನಡಿ ನೋಡಿದ. ಬೀಗರು ದೂರದಲ್ಲಿದ್ದರು. ಮೂರನೇ ಉಬ್ಬು ದಾಟಿದ ಮೇಲೆ ಇನ್ನೂ ದೂರದಲ್ಲಿದ್ದರು.

“ಬೀಗರು ಯಾಕ ಹಿಂದ ಬೀಳಾಕತ್ತಾರ?” ಅಂದ.

“ಲೈಟ್ ಅಷ್ಟು ದೂರದಿಂದ ಕಾಣತದ,” ಅಂದರು ಮನೆಯವರು. “ಅದನ್ನ ನೋಡಾಕ ದೂರ ನಿಲ್ಲಾಕತ್ತಾರ.”

ನನಗೂ ಹಾಗೇ ಅನಿಸಿತು. ಎದೆ ಉಬ್ಬಿತು. ಈ ಓಣಿಯ ಗಾಡಿಗಳಿಗೆಲ್ಲ ಇಂಥ ಲೈಟು ಕಟ್ಟಿಕೊಡಬಹುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಕೂತೆ.

ಅಕ್ಕಲಕೋಟ ಬಂತು. ಗುರುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪುಣೆಯ ಗಾಡಿ, ಕಲಬುರ್ಗಿಯ ಗಾಡಿ, ಎಲ್ಲ ಅಲ್ಲಿಯ ಸ್ವಾಮಿಗಳ ದರ್ಶನಕ್ಕೇ ಬಂದವು. ಪೇಟೆಯ ಮೊದಲ ತಿರುವಿನಲ್ಲಿ ಮುಂದೆ ಬಸ್ಸು ನಿಂತಿತು. ಮಲ್ಲಿನಾಥ ಬ್ರೇಕು ಒತ್ತಿ ಹಿಡಿದು ನಿಂತ. ರಸ್ತೆ ಅಲ್ಲಿ ಏರು, ಕಾಲು ತೆಗೆಯುವ ಹಾಗಿಲ್ಲ. ಐದು ನಿಮಿಷ ಹಾಗೇ ನಿಂತೆವು. ಆಮೇಲೆ ಒಬ್ಬ ಪೊಲೀಸ ಓಡಿ ಬಂದು ಕಿಟಕಿ ಬಡಿದ.

“ಅಹೋ, ಮಾಗೆ ಯೇಊ ನಕಾ!” ಹಿಂದೆ ಬರಬೇಡ ಎಂದು ಕೂಗಿದ.

ನಾನು ನಿಂತೇ ಇದ್ದೇನೆ ಸಾಹೇಬ ಎಂದು ಮಲ್ಲಿನಾಥ ಮರಾಠಿಯಲ್ಲೇ ಬೇಡಿಕೊಂಡ.

“ಮಗ ಗಾಡಿ ಕಾಯ್ ಬೋಲತೇಯ್, ಐಕಾ.” ಹಾಗಾದರೆ ನಿನ್ನ ಗಾಡಿ ಏನು ಹೇಳುತ್ತಿದೆ, ನೀನೇ ಕೇಳು ಅಂದ ಪೊಲೀಸ.

ಮಲ್ಲಿನಾಥ ಭಜನೆ ನಿಲ್ಲಿಸಿದ.

ಸಾವಧಾನ್, ಗಾಡಿ ಮಾಗೆ ಯೇತ್ ಆಹೇ. ಪೀಂ ಪೀಂ. ಸಾವಧಾನ್, ಗಾಡಿ ಮಾಗೆ ಯೇತ್ ಆಹೇ.

ಅದೇ ಬಾಯಿ! ಎಮ್ಮೆಯ ಹಾಲು ಬತ್ತಿಸಿದ ಅದೇ ಬಾಯಿ!

ನಾನು ಇಳಿದು ಹಿಂದೆ ನೋಡಿದೆ. ನಮ್ಮ ಗಾಡಿಯ ಹಿಂದೆ ರಸ್ತೆ ಖಾಲಿ. ಗುರುವಾರದ ಅಕ್ಕಲಕೋಟದಲ್ಲಿ ಎರಡು ಕಬಡ್ಡಿ ಅಂಕಣದಷ್ಟು ರಸ್ತೆ ಖಾಲಿ! ಅದರಾಚೆ ಗಾಡಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಇನ್ನೂ ಹಿಂದೆ ಸರಿಯುತ್ತಿದ್ದವು. ಕಣಿಕೆ ಹೇರಿದ ಗಾಡಿ ಮೈಮೇಲೆ ಬರುತ್ತೇನೆ ಎಂದರೆ ಯಾರು ಸರಿಯುವುದಿಲ್ಲ? ಎಲ್ಲರಿಗಿಂತ ಮೊದಲು ಸರಿದವರು ಬೀಗರು. ಜನ್ಮವೆಲ್ಲ ಬಸ್ಸು ನಡೆಸಿದ ಮನುಷ್ಯ, ಹಿಂದೆ ಬರುವ ಗಾಡಿಗೆ ದಾರಿ ಬಿಡುವುದು ಅವರ ರಕ್ತದಲ್ಲಿದೆ. ಪ್ರತಿ ಉಬ್ಬಿನಲ್ಲೂ ಎರಡೂ ಕಾಲು ನೆಲಕ್ಕೂರಿ ಸ್ಕೂಟರನ್ನು ಹಿಂದೆ ದಬ್ಬುತ್ತ ಬಂದಿದ್ದರು. ಇಲ್ಲಿ ಐದು ನಿಮಿಷ ದಬ್ಬಿದ್ದರು. ದಬ್ಬಿ ದಬ್ಬಿ, ಹೂ ಮಾರುವವಳ ದೊಡ್ಡ ಬುಟ್ಟಿಗೆ ಸ್ಕೂಟರಿನ ಹಿಂಗಾಲಿ ತಾಗಿ, ಬೀಗತಿ ಜಾರಿ ಚೆಂಡುಹೂವಿನೊಳಗೆ ಕೂತಿದ್ದರು. ಒಮ್ಮೆ ಕಣಿಕೆ, ಒಮ್ಮೆ ಹೂವು. ನಮ್ಮ ಮನೆಯ ಸಂಬಂಧ ಅವರಿಗೆ ಮೆತ್ತಗೇ ಸಿಕ್ಕಿತು ಅನ್ನಬೇಕು.

ಬೀಗರು ನಡೆದು ಬಂದರು. ಟೋಪಿ ಓರೆಯಾಗಿತ್ತು. ನಾನು ಮುಖ ನೋಡಿಯೇ ತಿಳಿದೆ, ಇವರು ಸೊಲ್ಲಾಪುರದ ದಾರಿ ಹಿಡಿಯುವವರು.

“ಈ ವೈರಿಂಗ್ ಯಾರು ಮಾಡಿದ್ದು?” ಎಂದು ಕೇಳಿದರು.

ಮಲ್ಲಿನಾಥ ನನ್ನ ಕಡೆ ನೋಡಿದ. ನಮ್ಮ ಮನೆಯವರು ಆಕಾಶದ ಕಡೆ ನೋಡಿದರು. ಆಮೇಲೆ ನಿಧಾನವಾಗಿ, ನಾ ಬರೇ ತುಳದಿದ್ದು ಅಂದರು.

“ನಾ ಮಾಡೀನ್ರಿ,” ಅಂದೆ. “ಹುಡುಗಿದೇನೂ ತಪ್ಪಿಲ್ಲ. ಬೇಕಾರ ನನ್ನ ಮ್ಯಾಲ ಸಿಟ್ಟಾಗರಿ, ಸಂಬಂಧ ಮುರೀಬ್ಯಾಡ್ರಿ.”

 ಬೀಗರು ಸ್ಕೂಟರಿನ ಡಿಕ್ಕಿಯಿಂದ ವೈರು ಕತ್ತರಿಸುವ ಪಕ್ಕಡ ತಂದು, ಬಿಳಿ ಅಂಗಿಯಲ್ಲೇ ಕಣಿಕೆಯ ಗಡ್ಡದ ಕೆಳಗೆ ತೂರಿದರು. ಟವೆಲ್ಲಿನ ಅಂಚು ಬಿಚ್ಚಿ ಹೊರಗೆ ಎಸೆದರು. ಟೇಪು ಎಸೆದರು. ಆಮೇಲೆ ಬಹಳ ಹೊತ್ತು ಏನೂ ಹೊರಗೆ ಬರಲಿಲ್ಲ. ಉಸಿರು ಬಿಗಿಹಿಡಿದು ಎಳೆಯುವ ಸದ್ದು ಮಾತ್ರ ಬರುತ್ತಿತ್ತು.

“ಇದು ಎಂಥಾ ಗಂಟು?” ಒಳಗಿನಿಂದಲೇ ಕೇಳಿದರು.

“ಮಗ್ಗದ ಗಂಟ್ರಿ. ಬಿಚ್ಚೂದಿಲ್ಲ ಅದು.”

“ಈ ಕಪ್ಪು ವೈರ್ ಯಾಕ ಕಟ್ಟಿದ್ರಿ?”

“ಬಿಟ್ಟಿತ್ತು. ಬಿಟ್ಟ ಎಳಿ ನಾ ಬಿಡೂದಿಲ್ಲ.”

ಕೊನೆಗೆ ಪಕ್ಕಡದಿಂದ ಕತ್ತರಿಸಿದರು. ಆ ಬಾಯಿ ಸುಮ್ಮನಾಯಿತು. ಅಕ್ಕಲಕೋಟ ಪೇಟೆಯಲ್ಲಿ ಅಷ್ಟು ಶಾಂತಿಯನ್ನು ನಾನು ಹಿಂದೆ ಎಂದೂ ಕೇಳಿರಲಿಲ್ಲ. ಬೀಗರು ಹೊರಬಂದರು, ಮೀಸೆಯಲ್ಲಿ ಮತ್ತೆ ಅದೇ ಒಣ ಎಲೆ. ಮಾತಾಡಲು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಬೀಗತಿ ಬಂದಿದ್ದರು, ಜಡೆಯಲ್ಲಿ ಒಂದು, ಸೆರಗಿನಲ್ಲಿ ನಾಲ್ಕು ಚೆಂಡುಹೂವು ಸಿಕ್ಕಿಸಿಕೊಂಡು.

“ಲೈಟ್ ಕಂಡಿತೋ ಇಲ್ಲೋ?” ಎಂದು ಗಂಡನನ್ನು ಕೇಳಿದರು.

“ಲೈಟ್ ಕಂಡಿತು. ಆದ್ರ—”

“ಅವರ ಗಾಡಿಗೆ ಗುದ್ದಿದ್ರೇನು ಇವತ್ತು?”

“ಗುದ್ದೂದೆಲ್ಲಿ. ಅದರ ಹತ್ತರ ಹೋಗಾಕ ಆಗಲಿಲ್ಲ.”

“ಮತ್ತ ಇನ್ನೇನ್ ಬೇಕು ನಿಮಗ? ಹಿಂದ ಬರಾವ್ರ ಕಾಳಜಿ ಅಂದ್ರ ಇದಕಿಂತ ಹೆಚ್ಚಿಂದು ಎಲ್ಲಿ ಸಿಗತದ? ನಡೀರಿ, ತಾರೀಖ ಹಿಡಿಯೂಣು. ನನಗ ಕೂತು ಕೂತು ಸೊಂಟ ಹಿಡದದ.”

ಪೊಲೀಸ ಕೂಡ ನಕ್ಕ. ಬೀಗರು ಎಲೆ ತೆಗೆದು, ಈ ಸಲ ನನ್ನ ಕೈಗೆ ಕೊಟ್ಟರು. ಆವತ್ತೇ ತಾರೀಖು ಹಿಡಿದೆವು. ಮನೆಗೆ ಬಂದು ಹೇಳಿದಾಗ ಅಶ್ವಿನಿ ಮೂರು ರೊಟ್ಟಿ ತಿಂದಳು.

ಮದುವೆ ಸೊಲ್ಲಾಪುರದಲ್ಲಿ ಚೆನ್ನಾಗಿ ಆಯಿತು. ಮಂಟಪದ ಲೈಟಿಂಗಿನ ಹತ್ತಿರ ನನ್ನನ್ನು ಬಿಡಬಾರದು ಎಂದು ಮಲ್ಲಿನಾಥ ಡೆಕೊರೇಶನ್ನಿನವರಿಗೆ ಮೊದಲೇ ಹೇಳಿಟ್ಟಿದ್ದ. ನಾನು ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದೆ. ಅಶ್ವಿನಿಗೆ ಕನಿಕರ ಬಂತು. ಗಂಡಿನ ಶಾಲಿಗೂ ಹೆಣ್ಣಿನ ಸೆರಗಿಗೂ ಗಂಟು ಹಾಕುವ ಹೊತ್ತಿಗೆ, ಅದನ್ನು ಆಯಿಯೇ ಹಾಕಲಿ ಅಂದಳು. ಬೀಗತಿಯೂ ಹೂಂ ಅಂದರು. ನಾನು ಎದ್ದು ಹೋದೆ. ಕಣ್ಣಲ್ಲಿ ನೀರು ಬಂದಿತ್ತು ಎಂದು ಕಸ್ತೂರಬಾಯಿ ಹೇಳುತ್ತಾಳೆ, ಅದು ಸುಳ್ಳು, ಹೋಮದ ಹೊಗೆ. ಎರಡು ತುದಿ ಕೈಗೆ ಬಂದವು, ಕೈ ತನ್ನ ಕೆಲಸ ಮಾಡಿತು.

ಊಟದ ಹೊತ್ತಿಗೆ ಗಂಟು ಬಿಚ್ಚಬೇಕು. ಪೂಜಾರಿ ನೋಡಿದರು, ಆಗಲಿಲ್ಲ. ಬೀಗತಿ ತಲೆಯ ಪಿನ್ನು ಹಾಕಿ ನೋಡಿದರು. ಮನೆಯವರು ಕೋಲು ಹುಡುಕಿದರು. ಮದುಮಗ ಆ ಕಡೆ ಈ ಕಡೆ ನೋಡಿ, ನಾನು ಸ್ವಲ್ಪ ಹೊರಗೆ ಹೋಗಿಬರಬೇಕಾಗಿತ್ತು ಎಂದು ಮೆಲ್ಲಗೆ ಅಂದ. ಹೋಗುವಾಗ ಅಶ್ವಿನಿಯೂ ಬೆನ್ನು ಹತ್ತಬೇಕಲ್ಲ! ಇಡೀ ಮಂಟಪ ನನ್ನ ಕಡೆ ತಿರುಗಿತು. ಬೀಗರು ಎದ್ದು, ಹೊರಗೆ ನಿಂತ ಸ್ಕೂಟರಿನ ಹತ್ತಿರ ಹೋಗಿ ಪಕ್ಕಡ ತಂದರು.

ಹೊಸ ಸೀರೆಯ ಸೆರಗಿನಲ್ಲಿ ಈಗಲೂ ಒಂದು ಅಂಗೈಯಷ್ಟು ಖಾಲಿಯಿದೆ. ಅಶ್ವಿನಿ ಅದನ್ನು ಮಡಿಕೆಯೊಳಗೆ ಮುಚ್ಚಿಕೊಳ್ಳುತ್ತಾಳೆ.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ನನಗೆ ಯಾವುದನ್ನೂ ಕಟ್ಟಲು ಕೊಡುವುದಿಲ್ಲ. ಹಿಟ್ಟಿನ ಚೀಲದ ಬಾಯಿ ಕಟ್ಟುವುದನ್ನೂ ನಮ್ಮ ಮನೆಯವರಿಗೆ ವಹಿಸಿದ್ದಾರೆ. ನಡುವಿನದು ಯಾವ ಕಡೆಯಿಂದ ಎಣಿಸಬೇಕು ಎಂದು ಕೇಳುವ ಮನುಷ್ಯನಿಗೆ! ಮೊನ್ನೆ ಅವರು ಕಟ್ಟಿದ ಚೀಲ ಬಿಚ್ಚಿಕೊಂಡು ಹಿಟ್ಟೆಲ್ಲ ನೆಲಕ್ಕೆ ಚೆಲ್ಲಿತು. ನನಗೆ ಬಹಳ ಸಂತೋಷವಾಯಿತು.

ಆದರೂ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಕಸಬರಿಗೆ ಕೊಟ್ಟರು.